ಮನೆಯಲ್ಲೇ ಗುರಿ ಅಭ್ಯಾಸ: ಕೊಡಗಿನ ಮಳೆಗೆ, ಜಾಗಕ್ಕೆ, ಜೇಬಿಗೆ ಒಗ್ಗುವ ಏರ್‌ಗನ್ ಯಾವುದು?

ಕೊಡಗಿನ ಆಯುಧ ಪೂಜೆಯ ಹಬ್ಬವಾದ ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹತ್ತಿರ ಬಂತೆಂದರೆ ಊರೂರಿನ ಸಂಘಗಳು ಸ್ಪರ್ಧೆಯ ತಯಾರಿಗೆ ಇಳಿಯುತ್ತವೆ. ತೆಂಗಿನಕಾಯಿಗೆ ಗುಂಡು ಹೊಡೆಯಲು ಪಾಯಿಂಟ್ 22 ಮತ್ತು 12 ಬೋರ್ ಕೋವಿ, ಮೊಟ್ಟೆಗೆ ಹೊಡೆಯಲು ಏರ್‌ಗನ್. ತೋಟಾಕ್ಕೆ ದುಡ್ಡು ಸುರಿಯದೆ ಮನೆಯಲ್ಲೇ ಕೈ ಪಳಗಿಸಿಕೊಳ್ಳಬೇಕು, ಅದಕ್ಕೆ ಯಾವ ಏರ್‌ಗನ್ ಕೊಳ್ಳಲಿ ಎಂದು ಹಲವರು ಕೇಳುವುದು ಆ ಹೊತ್ತಿಗೇ. ಸ್ಪ್ರಿಂಗ್‌ನದ್ದೋ, ಗ್ಯಾಸ್ ಪಿಸ್ಟನ್‌ನದ್ದೋ, ಮೊದಲೇ ಗಾಳಿ ತುಂಬಿಡುವ ಪಿಸಿಪಿಯೋ, ಪಿಸ್ತೂಲೋ? ಅಂಗಡಿಯಲ್ಲಿ ಕೇಳಿದರೆ ವೇಗದ ಲೆಕ್ಕ ಹೇಳುತ್ತಾರೆ. ಆ ಲೆಕ್ಕದಿಂದ ಮನೆ ಅಭ್ಯಾಸಕ್ಕೆ ಹೆಚ್ಚೇನೂ ಸಿಗುವುದಿಲ್ಲ.

ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಅರ್ಧ ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಬಿಡುತ್ತದೆ. ಶಕ್ತಿ ಏಳೂವರೆ ಜೂಲ್ ಆಸುಪಾಸು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ವಿಭಾಗದಲ್ಲೇ. ನಮ್ಮ ಅಂಗಡಿಗಳಲ್ಲಿ ಜೋರು ಎಂದು ಮಾರುವ ರೈಫಲ್‌ಗಳಲ್ಲಿ ಇದರ ಎರಡೂವರೆ ಪಟ್ಟು ಶಕ್ತಿ ಇರುತ್ತದೆ, ಆದರೆ ಕಾಗದದಲ್ಲಿ ಬೀಳುವ ತೂತಿಗೆ ಅದರಿಂದ ಲಾಭವಿಲ್ಲ. ಹೆಚ್ಚಿನ ಶಕ್ತಿಗೆ ಕಾಕ್ ಮಾಡಲು (ಹೊಡೆಯುವ ಮೊದಲು ಎಳೆದು ಸಜ್ಜು ಮಾಡಲು) ಹೆಚ್ಚು ಬಲ ಬೇಕು, ಒದೆತ ಹೆಚ್ಚು, ಸದ್ದು ಹೆಚ್ಚು, ಗುಂಡು ತಪ್ಪಿದರೆ ಅಪಾಯವೂ ಹೆಚ್ಚು. ಪ್ರತಿ ಗುಂಡನ್ನೂ ಒಂದೇ ರೀತಿ ಬಿಡುವ, ಮಿತ ಶಕ್ತಿಯ, ಮಳೆಗಾಲದಲ್ಲಿ ಕೆಡದ ಕೋವಿಯೇ ಮನೆಗೆ ಸರಿ. ಇಲ್ಲಿನ ಹೋಲಿಕೆಯೆಲ್ಲ ಆ ಅಳತೆಗೋಲಿನದು.

ಕೊಳ್ಳುವ ಮೊದಲು ಅಳೆಯಬೇಕಾದದ್ದು

ಮೊದಲು ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳವ್ಯಾಸ 4.5 ಮಿ.ಮೀ. ಅಂದರೆ .177 ಇಂಚು ಮೀರದಿದ್ದರೆ, ಶಕ್ತಿ 20 ಜೂಲ್ ಮೀರದಿದ್ದರೆ ಏರ್‌ಗನ್‌ಗೆ ಪರವಾನಗಿ ಬೇಕಿಲ್ಲ. ಎರಡರಲ್ಲಿ ಒಂದು ಮೀರಿದರೂ ಬೇಕು. .22 ಏರ್‌ಗನ್ ಶಕ್ತಿ ಎಷ್ಟೇ ಕಡಿಮೆಯಿದ್ದರೂ ಈ ಮಿತಿಯ ಹೊರಗೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ, ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿರುವ ವಿನಾಯಿತಿ ಬೇರೆಯೇ ವಿಷಯ. ಮಿತಿಯೊಳಗಿನ ಏರ್‌ಗನ್ ಕೊಳ್ಳಲು ಆ ವಿನಾಯಿತಿ ಬೇಕಾಗುವುದೇ ಇಲ್ಲ, ಹಾಗಾಗಿ ಜಿಲ್ಲೆಯ ಯಾರಿಗಾದರೂ ಈ ದಾರಿ ತೆರೆದಿದೆ.

ಅಂಗಡಿಯವರು ಹೇಳುವ ವೇಗವನ್ನು ನೀವೇ ಪರೀಕ್ಷಿಸಬಹುದು. ಗುಂಡಿನ ತೂಕವನ್ನು ಕಿಲೋಗ್ರಾಂನಲ್ಲಿ, ವೇಗವನ್ನು ಮೀಟರ್‌ನಲ್ಲಿ ಇಟ್ಟು, ವೇಗದ ವರ್ಗಕ್ಕೆ ತೂಕ ಗುಣಿಸಿ ಅರ್ಧ ಮಾಡಿದರೆ ಜೂಲ್ ಸಿಗುತ್ತದೆ. 0.53 ಗ್ರಾಂನ ಸಾಮಾನ್ಯ ಗುಂಡು ಸೆಕೆಂಡಿಗೆ 275 ಮೀಟರ್, ಅಂದರೆ ಸುಮಾರು 900 ಅಡಿ ಮುಟ್ಟಿದಾಗಲೇ 20 ಜೂಲ್ ತುಂಬಿತು. ಪೆಟ್ಟಿಗೆಯ ಮೇಲೆ 1200 ಎಫ್‌ಪಿಎಸ್ (ಸೆಕೆಂಡಿಗೆ ಅಡಿ) ಎಂದು ಬರೆದಿದ್ದರೆ ಒಂದೋ ಅದನ್ನು ತೀರಾ ಹಗುರದ ಗುಂಡಿನಿಂದ ಅಳೆದಿದ್ದಾರೆ, ಇಲ್ಲವೇ ಅದು ಕಾನೂನಿನ ಮಿತಿ ದಾಟಿದ ಕೋವಿ. ಅದೇ 0.53 ಗ್ರಾಂ ಗುಂಡು ಆ ವೇಗದಲ್ಲಿ ಹೋದರೆ 35 ಜೂಲ್ ಆಗುತ್ತದೆ.

ಎರಡನೆಯದು ಜಾಗ. ಕೊಡಗಿನಲ್ಲಿ ಮನೆಯ ಸುತ್ತ ಜಾಗಕ್ಕೆ ಬರವಿಲ್ಲ, ಆದರೆ ಕಣ್ಣಿಗೆ ಕಾಣುವ ಜಾಗ ಕಡಿಮೆ. ಕಾಫಿ ಗಿಡದ ಮರೆಯಲ್ಲಿ ಹಣ್ಣು ಕೊಯ್ಯುತ್ತಲೋ ಕಳೆ ತೆಗೆಯುತ್ತಲೋ ಇರುವವರು ಹತ್ತು ಮಾರು ದೂರದಲ್ಲಿದ್ದರೂ ಗೊತ್ತಾಗುವುದಿಲ್ಲ. .177 ಗುಂಡು ಮೇಲಕ್ಕೆ ಹಾರಿದರೆ ಮುನ್ನೂರು ಮೀಟರ್ ದೂರ ಹೋಗಬಲ್ಲದು. ಹಾಗಾಗಿ ತೋಟದ ಕಡೆಗೆ, ಕಾರ್ಮಿಕರ ಲೈನ್ ಮನೆಯ ಕಡೆಗೆ, ರಸ್ತೆಯ ಕಡೆಗೆ ಗುರಿ ಇಡುವ ಮಾತೇ ಬೇಡ. ಮನೆಯ ಹಿಂದೆ ಮಣ್ಣಿನ ಬರೆ (ಕಡಿದಾದ ದಿಬ್ಬ) ಇದ್ದರೆ ಅದೇ ಒಳ್ಳೆಯ ತಡೆ. ಆದರೆ ಅಭ್ಯಾಸದ ಜಾಗಕ್ಕೆಂದು ಬರೆಯನ್ನು ಕಡಿದು ಸಪಾಟು ಮಾಡಬೇಡಿ. 2018ರ ಮಳೆಯಲ್ಲಿ ಗುಡ್ಡ ಕುಸಿದದ್ದನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಕಾಫಿ ಕಣ ಹೇಳಿಮಾಡಿಸಿದಷ್ಟು ಉದ್ದವಿರುತ್ತದೆ, ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಕಾಫಿ ಒಣಗುತ್ತಿರುತ್ತದೆ, ಜನ ಓಡಾಡುತ್ತಿರುತ್ತಾರೆ.

ಮೂರನೆಯದು ಕಾಲ. ಸ್ಪರ್ಧೆಗೆ ತಯಾರಾಗುವ ತಿಂಗಳೇ ಕಕ್ಕಡದ, ಅಂದರೆ ಜುಲೈ, ಆಗಸ್ಟ್‌ನ ಜೋರು ಮಳೆಯ ತಿಂಗಳು. ಹೊರಗೆ ನಿಲ್ಲಲಾಗದ ಮಳೆ, ಗೋಡೆಯಲ್ಲಿ ಬೆವರು, ಬೀರುವಿನ ಚಪ್ಪಲಿಗೂ ಬೂಷ್ಟು. ಅಭ್ಯಾಸ ನಡೆಯುವುದು ಜಗಲಿಯಲ್ಲೋ ಉದ್ದದ ಕೋಣೆಯಲ್ಲೋ. ಯಾವ ಕೋವಿ ತೇವ ತಡೆಯುತ್ತದೆ ಎಂಬುದು ಇಲ್ಲಿ ಬೆಲೆಯಷ್ಟೇ ಮುಖ್ಯ. ಕುಶಾಲನಗರದ ಕಡೆಯವರು ಇದರಲ್ಲಿ ಸ್ವಲ್ಪ ನಿರಾಳ, ಮಡಿಕೇರಿ, ಭಾಗಮಂಡಲದ ಕಡೆಯವರಿಗೆ ಆ ಸೌಲಭ್ಯವಿಲ್ಲ.

ನಾಲ್ಕನೆಯದು ಯಾರು ಹೊಡೆಯುತ್ತಾರೆ ಎಂಬುದು. ಮನೆಯ ಹೆಣ್ಣುಮಕ್ಕಳು, ಹೈಸ್ಕೂಲ್ ಹುಡುಗರು, ಅರವತ್ತು ದಾಟಿದವರು ಒಂದೇ ಕೋವಿ ಬಳಸುವುದಾದರೆ ಕಾಕ್ ಮಾಡುವ ಬಲವೇ ತೀರ್ಮಾನ ಮಾಡುತ್ತದೆ. ಮಿತ ಶಕ್ತಿಯ ಸ್ಪ್ರಿಂಗ್ ರೈಫಲ್‌ಗೆ 10ರಿಂದ 12 ಕಿಲೋ ಎಳೆತ ಸಾಕು. ಜೋರಿನದ್ದಕ್ಕೆ 18 ಕಿಲೋ ದಾಟುತ್ತದೆ. ಒಂದು ಸಂಜೆಗೆ 40 ಗುಂಡು ಹೊಡೆಯುವವರಿಗೆ 18 ಕಿಲೋ ಎಂದರೆ ಇಪ್ಪತ್ತನೇ ಗುಂಡಿಗೇ ಎಡಗೈ ನಡುಗಲು ಶುರು.

ಕೊನೆಯದು ಖರ್ಚು, ಅದರಲ್ಲೂ ಕೋವಿಯ ಬೆಲೆಗಿಂತ ಗುಂಡಿನ ಖರ್ಚು. ದೇಶೀ ಗುಂಡು ಒಂದಕ್ಕೆ ಸುಮಾರು ಒಂದು ರೂಪಾಯಿ, ಆಮದಿನ ಮ್ಯಾಚ್ (ಸ್ಪರ್ಧೆಯ) ಗುಂಡು ಎರಡು ಮೂರು ರೂಪಾಯಿ. ಪಾಯಿಂಟ್ 22 ತೋಟಾ ಇದರ ಹತ್ತಾರು ಪಟ್ಟು. ವಾರಕ್ಕೆ ನೂರು ಗುಂಡು ಹೊಡೆದರೂ ತಿಂಗಳಿಗೆ ನಾನೂರು, ಐನೂರು ರೂಪಾಯಿಯಲ್ಲಿ ಮುಗಿಯುತ್ತದೆ.

ಸ್ಪ್ರಿಂಗ್ ರೈಫಲ್

ನಳಿಗೆ ಮುರಿದು ಕಾಕ್ ಮಾಡುವ ಸಾಂಪ್ರದಾಯಿಕ ಏರ್‌ಗನ್ ಇದು. ನಳಿಗೆ ಬಗ್ಗಿಸಿದಾಗ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಟ್ರಿಗರ್ ಒತ್ತಿದೊಡನೆ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಹಿಂಡಿ ಗುಂಡನ್ನು ತಳ್ಳುತ್ತದೆ. ದೇಶೀ ತಯಾರಿಕೆಯವು ಏಳೆಂಟು ಸಾವಿರದಿಂದ ಹದಿನೈದು ಸಾವಿರದೊಳಗೆ ಸಿಗುತ್ತವೆ. ಪಂಪ್ ಬೇಡ, ಸಿಲಿಂಡರ್ ಬೇಡ, ಕರೆಂಟ್ ಬೇಡ. ಹತ್ತು ವರ್ಷ ಬಳಸಿದ ಮೇಲೂ ಸ್ಪ್ರಿಂಗ್ ಮತ್ತು ಸೀಲ್ ಬದಲಿಸಿದರೆ ಮತ್ತೆ ಓಡುತ್ತದೆ.

ಇದರ ಕಷ್ಟ ಒದೆತದಲ್ಲಿದೆ. ಪಿಸ್ಟನ್ ಮುಂದೆ ಹೋಗುವಾಗ ಕೋವಿ ಹಿಂದೆ ಬರುತ್ತದೆ, ಪಿಸ್ಟನ್ ತುದಿಗೆ ಬಡಿದಾಗ ಕೋವಿ ಮುಂದೆ ಜಿಗಿಯುತ್ತದೆ. ಈ ಎರಡೂ ಆಗುವಾಗ ಗುಂಡು ಇನ್ನೂ ನಳಿಗೆಯೊಳಗೇ ಇರುತ್ತದೆ. ಹಾಗಾಗಿ ನೀವು ಕೋವಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೀರಿ, ಎಡಗೈ ಎಲ್ಲಿದೆ, ಭುಜಕ್ಕೆ ಎಷ್ಟು ಒತ್ತಿದ್ದೀರಿ ಎಂಬ ಪ್ರತಿ ವ್ಯತ್ಯಾಸವೂ ಕಾಗದದ ಮೇಲೆ ಕಾಣುತ್ತದೆ. ಮಧ್ಯಾಹ್ನ ಸರಿಯಿದ್ದ ಗುರಿ ಸಂಜೆ ಒಂದು ಇಂಚು ಪಕ್ಕಕ್ಕೆ ಹೋಯಿತೆಂದು ಸೈಟ್ (ಕೋವಿಯ ಮೇಲಿನ ಗುರಿ ನೋಡುವ ಭಾಗ) ತಿರುಗಿಸುವವರು ಬಹಳ. ಸೈಟ್ ಸರಿಯೇ ಇರುತ್ತದೆ, ಹಿಡಿತ ಬದಲಾಗಿರುತ್ತದೆ. ಎಡ ಅಂಗೈಯನ್ನು ತೆರೆದು ಅದರ ಮೇಲೆ ಕೋವಿಯನ್ನು ಸುಮ್ಮನೆ ಕೂರಿಸಿ, ಬೆರಳಿನಿಂದ ಹಿಂಡದೆ, ಪ್ರತಿ ಸಲವೂ ಅದೇ ಜಾಗದಲ್ಲಿ ಇಟ್ಟರೆ ಗುಂಡುಗಳು ಒಟ್ಟಿಗೆ ಸೇರುತ್ತವೆ. ಮೇಜಿನ ಮೇಲೆ, ಗೋಡೆಯ ಮೇಲೆ, ಕಿಟಕಿ ಚೌಕಟ್ಟಿನ ಮೇಲೆ ನೇರವಾಗಿ ಇಟ್ಟು ಹೊಡೆದರೆ ಕೋವಿ ಪುಟಿದು ಗುಂಡು ಬೇರೆಲ್ಲೋ ಹೋಗುತ್ತದೆ.

ಕಲಿಯುವವರಿಗೆ ಈ ಕಷ್ಟವೇ ಪಾಠ. ಸ್ಪ್ರಿಂಗ್ ರೈಫಲ್‌ನಲ್ಲಿ ಗುಂಡುಗಳ ಕೂಡಿಕೊಂಡ ಗುಂಪು ತೆಗೆಯಲು ಕಲಿತವರು ಪಾಯಿಂಟ್ 22 ಹಿಡಿದಾಗ ಅದು ಸಲೀಸು ಎನಿಸುತ್ತದೆ. ಗುಂಡು ಹೋದ ಮೇಲೂ ಒಂದು ಕ್ಷಣ ಗುರಿಯನ್ನೇ ನೋಡುತ್ತಿರುವ ಅಭ್ಯಾಸ ಇದರಲ್ಲಿ ತಾನಾಗಿಯೇ ಬರುತ್ತದೆ, ಏಕೆಂದರೆ ಬೇಗ ತಲೆ ಎತ್ತಿದವರಿಗೆ ಕಾಗದವೇ ತಪ್ಪು ತೋರಿಸುತ್ತದೆ. 12 ಬೋರ್‌ಗೆ ಇದರ ಪ್ರಯೋಜನ ಕಡಿಮೆ, ಅದರ ಒದೆತವನ್ನು ಯಾವ ಏರ್‌ಗನ್ನೂ ಕಲಿಸುವುದಿಲ್ಲ.

ಹಾಳಾಗುವ ಬಗೆಗಳು ಹೀಗಿವೆ. ಗುಂಡು ಹಾಕದೆ ಟ್ರಿಗರ್ ಒತ್ತಿದರೆ ಮೆತ್ತೆಯಂತಿರುವ ಗಾಳಿಯ ತಡೆಯೇ ಇಲ್ಲದೆ ಪಿಸ್ಟನ್ ಲೋಹಕ್ಕೆ ಬಡಿಯುತ್ತದೆ, ಸೀಲ್ ಒಡೆಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನೋ ತುಕ್ಕು ಬಿಡಿಸುವ ಸ್ಪ್ರೇಯನ್ನೋ ಗಾಳಿ ಬರುವ ತೂತಿಗೆ ಬಿಟ್ಟರೆ ಒತ್ತಡದ ಬಿಸಿಗೆ ಅದು ಹೊತ್ತಿಕೊಂಡು, ಪಟಾಕಿಯಂಥ ಸದ್ದು ಮಾಡಿ, ನಳಿಗೆ ಬಾಯಲ್ಲಿ ಹೊಗೆ ಬಿಡುತ್ತದೆ. ನಾಲ್ಕಾರು ಸಲ ಹೀಗಾದರೆ ಸೀಲ್ ಸುಟ್ಟಿತು ಎಂದೇ ಲೆಕ್ಕ. ಅಲ್ಲಿಗೆ ಸಿಲಿಕೋನ್ ಎಣ್ಣೆ ಮಾತ್ರ, ಅದೂ ಸಾವಿರ ಗುಂಡಿಗೆ ಒಂದು ಹನಿ. ದಸ್ತೆಯ (ಭುಜಕ್ಕೆ ಒತ್ತುವ ಹಿಡಿಯ) ಸ್ಕ್ರೂಗಳು ನೂರು ಗುಂಡಿಗೊಮ್ಮೆ ಸಡಿಲವಾಗುತ್ತವೆ. ಮರದ ದಸ್ತೆಯಾದರೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಇನ್ನೂ ಬೇಗ. ಕಾರಣವಿಲ್ಲದೆ ಗುಂಪು ಹರಡಿದರೆ ಮೊದಲು ಸ್ಕ್ರೂ ನೋಡಿ. ನಂತರ ನಳಿಗೆ ಸೇರುವ ಜಾಗದಲ್ಲಿ ಒಂದು ತೆಳು ಟಿಶ್ಯೂ ಚೂರಿಟ್ಟು ಹೊಡೆಯಿರಿ. ಅದು ಹಾರಿದರೆ ಅಲ್ಲಿನ ರಬ್ಬರ್ ಸೀಲ್ ಸವೆದಿದೆ. ಬೆಲೆ ಪುಡಿಗಾಸು, ಬದಲಿಸುವುದು ಐದು ನಿಮಿಷದ ಕೆಲಸ.

ಇನ್ನೊಂದು ಎಚ್ಚರ: ಗುಂಡು ತುಂಬುವಾಗ ಒಂದು ಕೈ ನಳಿಗೆಯನ್ನು ಬಿಡದೆ ಹಿಡಿದಿರಬೇಕು. ತೆರೆದ ನಳಿಗೆ ತಪ್ಪಿ ಮೇಲೆ ಹಾರಿದರೆ ಹೆಬ್ಬೆರಳು ಉಳಿಯುವುದಿಲ್ಲ, ನಳಿಗೆಯೂ ಸೊಟ್ಟಗಾಗುತ್ತದೆ.

ಗ್ಯಾಸ್ ಪಿಸ್ಟನ್

ಸ್ಪ್ರಿಂಗ್ ಬದಲು ಒತ್ತಿಟ್ಟ ನೈಟ್ರೋಜನ್ ಇರುವ ರೈಫಲ್. ಅಂಗಡಿಯಲ್ಲಿ ನೈಟ್ರೋ ಪಿಸ್ಟನ್ ಎನ್ನುತ್ತಾರೆ. ಪ್ರೆಸಿಹೋಲ್‌ನ ಎನ್‌ಎಕ್ಸ್200 ಅಥೆನಾ ಈ ಜಾತಿಯ ದೇಶೀ ರೈಫಲ್. ಬೆಲೆ ಸ್ಪ್ರಿಂಗ್‌ಗಿಂತ ಕೆಲವು ಸಾವಿರ ಹೆಚ್ಚು. ಸ್ಪ್ರಿಂಗ್‌ನ ಕಿರುಗುಡುವ ಸದ್ದು, ತಿರುಚುವಿಕೆ ಇಲ್ಲ. ಕಾಕ್ ಮಾಡಿ ಹೆಚ್ಚು ಹೊತ್ತು ಇಟ್ಟರೂ ಬಲ ಕುಗ್ಗುವುದಿಲ್ಲ, ಆದರೂ ತುಂಬಿದ ಕೋವಿಯನ್ನು ಇಟ್ಟು ಎದ್ದು ಹೋಗುವುದು ಯಾವ ಕೋವಿಯಲ್ಲೂ ಸಲ್ಲ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಒಳಗಿನ ಒತ್ತಡ ಐದು ಶೇಕಡಾ ಆಸುಪಾಸು ಬದಲಾಗುತ್ತದೆ, ಹತ್ತು ಮೀಟರ್ ಕಾಗದಕ್ಕೆ ಅದು ಲೆಕ್ಕಕ್ಕಿಲ್ಲ.

ಆದರೆ ಇವು ಬಹುಪಾಲು 20 ಜೂಲ್ ಮಿತಿಗೆ ಹತ್ತಿರ ಹತ್ತಿರ ತಯಾರಾದವು. ಕಾಕ್ ಮಾಡುವಾಗ ಮೊದಲಿನಿಂದ ಕೊನೆಯವರೆಗೂ ಒಂದೇ ಬಿಗಿ. ಒದೆತ ಚಿಕ್ಕದು ಆದರೆ ಚುರುಕು, ಸ್ಕೋಪ್‌ಗೆ (ಗುರಿ ನೋಡುವ ದುರ್ಬೀನಿಗೆ) ಪೆಟ್ಟು ಜಾಸ್ತಿ. ಗ್ಯಾಸ್ ಸೋರಿದರೆ ಮನೆಯಲ್ಲಿ ಸರಿಮಾಡುವಂತಿಲ್ಲ, ಇಡೀ ಪಿಸ್ಟನ್ ಕೊರಿಯರ್‌ನಲ್ಲಿ ತರಿಸಬೇಕು. ಒಬ್ಬರೇ ಗಟ್ಟಿಮುಟ್ಟಾದವರು ಬಳಸುವುದಾದರೆ, 20, 25 ಮೀಟರ್‌ನಲ್ಲೂ ಮೊಟ್ಟೆಗೆ ಹೊಡೆಯುವ ಆಸೆಯಿದ್ದರೆ ಇದು ಸರಿ. ಮನೆಮಂದಿಗೆಲ್ಲ ಒಂದೇ ಕೋವಿ ಎಂದರೆ ಮಿತ ಶಕ್ತಿಯ ಸ್ಪ್ರಿಂಗ್ ಇದಕ್ಕಿಂತ ಮೇಲು.

ಪಿಸಿಪಿ

ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಓಡುವ ಕೋವಿ. ಸಿಲಿಂಡರ್‌ನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ. ಒದೆತ ಇಲ್ಲವೆಂದೇ ಹೇಳಬಹುದು, ಹಿಡಿತದ ತಪ್ಪುಗಳನ್ನು ಬಹುಮಟ್ಟಿಗೆ ಕ್ಷಮಿಸುತ್ತದೆ, ಬೋಲ್ಟ್ ಎಳೆಯಲು ಮಕ್ಕಳ ಬೆರಳೂ ಸಾಕು. ನಿಖರತೆಯ ಮಟ್ಟಿಗೆ ಎರಡು ಮಾತಿಲ್ಲ. ಚೆನ್ನಾಗಿರುವ ಸ್ಪ್ರಿಂಗ್ ರೈಫಲ್ 10 ಮೀಟರ್‌ನಲ್ಲಿ ಐದು ಗುಂಡನ್ನು ಒಂದು ರೂಪಾಯಿ ನಾಣ್ಯದೊಳಗೆ ಕೂರಿಸಿದರೆ, ಒಳ್ಳೆಯ ಪಿಸಿಪಿ ಐದನ್ನೂ ಒಂದೇ ಹರಕು ತೂತಿನಲ್ಲಿ ಹಾಯಿಸುತ್ತದೆ. ದೇಶೀ ಪಿಸಿಪಿ ಮೂವತ್ತು ಸಾವಿರದ ಮೇಲೆ. ಅದರ ಜೊತೆ ಕೈಪಂಪಿಗೆ ಹತ್ತು ಸಾವಿರದ ಆಸುಪಾಸು ತೆಗೆದಿಡಬೇಕು.

ಗಾಳಿ ತುಂಬುವುದೇ ಕೊಡಗಿನಲ್ಲಿ ಇದರ ಮುಖ್ಯ ಪ್ರಶ್ನೆ. ಟೈರ್ ಅಂಗಡಿಯ ಕಂಪ್ರೆಸರ್ 8ರಿಂದ 10 ಬಾರ್ ಕೊಡುತ್ತದೆ, ಇಲ್ಲಿ ಬೇಕಿರುವುದು 200. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ಕಡೆ ತಿರುಗಿಯೂ ನೋಡಬೇಡಿ. ಒತ್ತಡದ ಆಕ್ಸಿಜನ್‌ಗೆ ಎಣ್ಣೆಯ ಪಸೆ ಸೋಕಿದರೆ ಕೋವಿ ಕೈಯಲ್ಲೇ ಸಿಡಿಯುತ್ತದೆ. ಹಾಗಾಗಿ ಮನೆಯಲ್ಲಿ ಉಳಿಯುವುದು ಮೂರು ಹಂತದ ಕೈಪಂಪು. 150ರಿಂದ 200 ಬಾರ್‌ಗೆ ಏರಿಸಲು, ಸಿಲಿಂಡರಿನ ಗಾತ್ರ ನೋಡಿಕೊಂಡು, ಐವತ್ತರಿಂದ ಎಂಬತ್ತು ಸಲ ಒತ್ತಬೇಕಾಗುತ್ತದೆ. ಕೊನೆಯ ಇಪ್ಪತ್ತಕ್ಕೆ ದೇಹದ ತೂಕವನ್ನೇ ಹಾಕಬೇಕು, ತೆಳ್ಳಗಿನವರಿಗೆ ಅದು ಆಗದ ಮಾತು.

ಆ ಗಾಳಿಯಲ್ಲಿ ತೇವವಿರುತ್ತದೆ. ಆಗಸ್ಟ್‌ನ ಮಡಿಕೇರಿಯ ಗಾಳಿಯನ್ನು ಇನ್ನೂರು ಪಟ್ಟು ಒತ್ತಿದರೆ ಅದರಲ್ಲಿದ್ದ ನೀರು ಹನಿಯಾಗಿ ಇಳಿಯಲೇಬೇಕು. ಪಂಪಿನ ಬುಡದಲ್ಲಿ ಅದು ಕಾಣುತ್ತದೆ: ಗಾಳಿ ಬಿಡುವ ಸ್ಕ್ರೂ ತಿರುಗಿಸಿದಾಗ ಬಿಳಿ ಮಂಜಿನ ಜೊತೆ ಸಣ್ಣ ಹನಿಗಳು ಹಾರುತ್ತವೆ. ಅಲ್ಲಿ ಇಳಿಯದೆ ಉಳಿದದ್ದು ಕೋವಿಯ ಸಿಲಿಂಡರ್ ಸೇರಿ, ಉಕ್ಕಿನದಾದರೆ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಪಂಪಿಗೆ ಸಿಲಿಕಾ ಜೆಲ್ ಇರುವ ಒಣಗಿಸುವ ನಳಿಕೆ ಕಡ್ಡಾಯ. ಜೆಲ್‌ನ ಬಣ್ಣ ಬದಲಾದೊಡನೆ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಹುರಿದು ಒಣಗಿಸಿ ಮತ್ತೆ ಹಾಕಬೇಕು. ಐವತ್ತು ಸಲ ಒತ್ತಿದ ಮೇಲೆ ಹತ್ತು ನಿಮಿಷ ಪಂಪನ್ನು ತಣ್ಣಗಾಗಲು ಬಿಟ್ಟು, ನೀರು ಬಿಟ್ಟು, ಆಮೇಲೆ ಮುಂದುವರಿಸಬೇಕು. ಮಳೆ ನಿಂತು ಬಿಸಿಲು ಬಂದ ಮಧ್ಯಾಹ್ನ ನೋಡಿ ತುಂಬುವುದು ಇನ್ನೂ ಒಳ್ಳೆಯದು. ಓ ರಿಂಗ್ (ಜೋಡಣೆಯ ರಬ್ಬರ್ ಬಳೆ) ಸೋರಿದರೆ ಬೆಳಿಗ್ಗೆ ಗೇಜ್ ಕೆಳಗಿಳಿದಿರುತ್ತದೆ, ಒಂದು ಜೊತೆ ಬಿಡಿ ರಿಂಗ್ ಕೊಳ್ಳುವಾಗಲೇ ತೆಗೆದಿಡಿ. ಅದನ್ನು ಬದಲಿಸುವ ಮೊದಲು ಸಿಲಿಂಡರ್ ಪೂರ್ತಿ ಖಾಲಿಯಾಗಿರಬೇಕು, ಗಾಳಿ ಇರುವಾಗ ಯಾವ ಜೋಡಣೆಯನ್ನೂ ಬಿಚ್ಚುವಂತಿಲ್ಲ.

ಇಷ್ಟು ಶಿಸ್ತು ಇರುವವರಿಗೆ ಪಿಸಿಪಿಗಿಂತ ಒಳ್ಳೆಯದಿಲ್ಲ. ಹಬ್ಬಕ್ಕೆ ಒಂದು ತಿಂಗಳು ಹೊಡೆದು ಮತ್ತೆ ಅಟ್ಟಕ್ಕೆ ಏರಿಸುವವರಿಗೆ ಇದು ಬೇಡ.

ಪಿಸ್ತೂಲು, ಮತ್ತು ನಿಜವಾದ ಮ್ಯಾಚ್ ರೈಫಲ್

ಕಾರ್ಬನ್ ಡೈಆಕ್ಸೈಡ್‌ನ 12 ಗ್ರಾಂ ಗುಳಿಗೆಯಿಂದ (ಪುಟ್ಟ ಸಿಲಿಂಡರಿನಿಂದ) ಓಡುವ ಪಿಸ್ತೂಲುಗಳು ನೋಡಲು ಆಕರ್ಷಕ. ಗುರಿ ಅಭ್ಯಾಸಕ್ಕೆ ನಮ್ಮ ಶಿಫಾರಸು ಇಲ್ಲ. 25 ಡಿಗ್ರಿಯಲ್ಲಿ ಈ ಅನಿಲದ ಒತ್ತಡ 64 ಬಾರ್ ಇದ್ದರೆ 10 ಡಿಗ್ರಿಯಲ್ಲಿ 45ಕ್ಕೆ ಇಳಿಯುತ್ತದೆ. ಜನವರಿಯ ಬೆಳಿಗ್ಗೆ ಹೊಡೆದದ್ದು ಮಧ್ಯಾಹ್ನಕ್ಕಿಂತ ಕೆಳಗೆ ಬೀಳುತ್ತದೆ, ಬೇಗ ಬೇಗ ಹೊಡೆದರೂ ಗುಳಿಗೆ ತಣ್ಣಗಾಗಿ ಹಾಗೆಯೇ ಆಗುತ್ತದೆ. ಒಂದು ಗುಳಿಗೆ ಐವತ್ತು ಗುಂಡಿನ ಆಸುಪಾಸಿಗೆ ಮುಗಿಯುವುದರಿಂದ ಖರ್ಚೂ ದುಪ್ಪಟ್ಟಾಗುತ್ತದೆ. ಉಕ್ಕಿನ ಉರುಟು ಬಿಬಿ ಗುಂಡು ಹೊಡೆಯುವ ಮಾದರಿಗಳ ನಳಿಗೆಯಲ್ಲಿ ಸುರುಳಿ ಗೆರೆಯೇ ಇರುವುದಿಲ್ಲ, ಗುಂಡು ಗಟ್ಟಿ ಜಾಗಕ್ಕೆ ತಾಗಿ ಹೊಡೆದವರ ಮುಖಕ್ಕೇ ವಾಪಸ್ ಬರುತ್ತದೆ.

10 ಮೀಟರ್ ಏರ್ ಪಿಸ್ತೂಲ್ ಕಲಿಯುವ ಆಸೆಯಿದ್ದರೆ ಅದು ಬೇರೆ ದಾರಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಪದಕ ಗೆದ್ದ ಮೇಲೆ ಹುಡುಗಿಯರಲ್ಲಿ ಈ ಆಸೆ ಹೆಚ್ಚಿದೆ, ಒಳ್ಳೆಯದೇ. ಒಂದೇ ಸಲ ಲಿವರ್ ಎಳೆದು ಗಾಳಿ ತುಂಬುವ ಪಿಸ್ತೂಲು ಮನೆಗೆ ಸೂಕ್ತ: ಒದೆತವಿಲ್ಲ, ಪಂಪಿಲ್ಲ, ಸದ್ದು ಕಡಿಮೆ. ಕಾಗದದ ಹೊರವೃತ್ತ 155.5 ಮಿ.ಮೀ., ಹತ್ತು ಅಂಕದ ವೃತ್ತ 11.5 ಮಿ.ಮೀ. ಒಂದೇ ಕೈಯಲ್ಲಿ ಹೊಡೆಯುವುದರಿಂದ ಶುರುವಿನಲ್ಲಿ ಗುಂಡು ಎಲ್ಲೆಲ್ಲೋ ಹೋಗುತ್ತದೆ. ಗುಂಡು ಹಿಡಿಯುವ ಪೆಟ್ಟಿಗೆಯ ಸುತ್ತ ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ತಡೆ ಬೇಕೇ ಬೇಕು.

ಫೈನ್‌ವೆರ್ಕ್‌ಬಾವ್, ವಾಲ್ಥರ್, ಸ್ಟೇಯರ್ ಮೊದಲಾದ ಆಮದು ಮ್ಯಾಚ್ ರೈಫಲ್‌ಗಳು ಹೊಸದಾದರೆ ಎರಡು ಲಕ್ಷ ದಾಟುತ್ತವೆ. ಮಗುವೊಂದು ರಾಜ್ಯ ಮಟ್ಟದ ಸ್ಪರ್ಧೆಗೆ ಹೋಗುವ ಹಂತದಲ್ಲಿದ್ದರೆ ಮಾತ್ರ ಅದರ ಯೋಚನೆ, ಅದೂ ಕ್ಲಬ್‌ನ ರೈಫಲ್‌ನಲ್ಲಿ ಒಂದು ವರ್ಷ ಹೊಡೆದ ನಂತರ. 10 ಮೀಟರ್ ರೈಫಲ್ ವಿಭಾಗದಲ್ಲಿ ಹತ್ತು ಅಂಕದ ಗುರುತು ಕೇವಲ ಅರ್ಧ ಮಿ.ಮೀ. ಚುಕ್ಕಿ. ಸ್ಪ್ರಿಂಗ್ ರೈಫಲ್ ಹಿಡಿದು ಅದರ ಅಂಕ ಲೆಕ್ಕ ಹಾಕುತ್ತಾ ಕೂತರೆ ಮಕ್ಕಳು ಬೇಸತ್ತು ಬಿಟ್ಟುಬಿಡುತ್ತಾರೆ. ಅವರಿಗೆ ಪಿಸ್ತೂಲಿನ ಕಾಗದವನ್ನೇ ಹಾಕಿ ರೈಫಲ್‌ನಲ್ಲಿ ಹೊಡೆಸಿ.

ಕೋವಿಗಿಂತ ಮೊದಲು ಪೆಟ್ಟಿಗೆ

ಬಜೆಟ್ ಬಿಗಿಯಿದ್ದರೆ ಕೋವಿಯಲ್ಲಿ ಎರಡು ಸಾವಿರ ಉಳಿಸಿ ಗುಂಡಿಗೂ ಪೆಟ್ಟಿಗೆಗೂ ಹಾಕಿ. 18 ಮಿ.ಮೀ. ಪ್ಲೈವುಡ್‌ನಲ್ಲಿ 40 ಸೆಂ.ಮೀ. ಅಗಲ, ಅಷ್ಟೇ ಎತ್ತರ, 20 ಸೆಂ.ಮೀ. ಆಳದ ಪೆಟ್ಟಿಗೆ ಮಾಡಿಸಿ. ಹಿಂಬದಿಗೆ ಒಳಗಡೆ 3 ಅಥವಾ 4 ಮಿ.ಮೀ. ಕಬ್ಬಿಣದ ತಗಡು. ಅದರ ಮುಂದೆ ಹಳೆಯ ಹತ್ತಿ ಬಟ್ಟೆಗಳನ್ನು, ಗುಂಡಿ, ಜಿಪ್ ಎಲ್ಲ ಕಿತ್ತು, ಮಡಿಸಿ ಗಟ್ಟಿಯಾಗಿ ತುರುಕಿ, ಕನಿಷ್ಠ 15 ಸೆಂ.ಮೀ. ದಪ್ಪ ಬರುವಷ್ಟು. ಕಾಫಿ ಚೀಲದ ಗೋಣಿಯೂ ಆಗುತ್ತದೆ, ಆದರೆ ಹೆಣಿಗೆ ಸಡಿಲವಾದ್ದರಿಂದ ಹೆಚ್ಚು ಪದರ ಬೇಕು. ಮುಂದೆ ರಟ್ಟಿನ ಮುಚ್ಚಳ, ಅದರ ಮೇಲೆ ಕಾಗದ. ಐನೂರು ಗುಂಡಾದ ಮೇಲೆ ನಡುವೆ ಪೊಳ್ಳು ಬೀಳುತ್ತದೆ. ಬಟ್ಟೆ ತೆಗೆದು ಸೀಸ ಉದುರಿಸಿ, ತಿರುವಿ ಹಾಕಿ. ತಗಡಿಗೆ ಗುಂಡು ಬಡಿಯುವ ಸದ್ದು ಕೇಳಿಬಂದರೆ ಅದೇ ಸೂಚನೆ. ಮನೆಯೊಳಗೆ ಹೊಡೆಯಲು ಇದಕ್ಕಿಂತ ಸದ್ದಿಲ್ಲದ ಉಪಾಯವಿಲ್ಲ.

ಸಿಲ್ವರ್ ಓಕ್ ಮರದ ಕಾಂಡ, ಕಲ್ಲಿನ ಗೋಡೆ, ತೆಂಗಿನ ಚಿಪ್ಪು, ನೇರವಾಗಿ ನಿಲ್ಲಿಸಿದ ಕಬ್ಬಿಣದ ತಗಡು, ಇವ್ಯಾವನ್ನೂ ಗುರಿ ಮಾಡಬಾರದು. ಗಟ್ಟಿ ಮರಕ್ಕೆ ಬಡಿದ ಸೀಸದ ಗುಂಡು ಒಳಗೆ ಹೋಗುವಷ್ಟು ಬಲವಿಲ್ಲದೆ ಹೊಡೆದವರ ಕಡೆಗೇ ಪುಟಿಯುತ್ತದೆ. ಹೊಡೆಯುವವರೂ ನೋಡುವವರೂ ಕನ್ನಡಕ ಹಾಕಿರಲೇಬೇಕು.

ಜಗಲಿಯಲ್ಲಿ 10 ಮೀಟರ್ ಸಿಗದಿದ್ದರೆ ಚಿಂತೆಯಿಲ್ಲ. 7 ಮೀಟರ್ ಸಿಕ್ಕರೆ ಗುರಿ ಕಾಗದವನ್ನು ಶೇ 70ಕ್ಕೆ, 5 ಮೀಟರ್ ಆದರೆ ಅರ್ಧಕ್ಕೆ ಇಳಿಸಿ ಪ್ರಿಂಟ್ ತೆಗೆಸಿ. ಗುಂಡಿನ ತೂತು ಮಾತ್ರ ಕಿರಿದಾಗುವುದಿಲ್ಲ, ಹಾಗಾಗಿ ಅಂಕ ಸ್ವಲ್ಪ ಹೆಚ್ಚೇ ಬರುತ್ತದೆ, ಅದನ್ನು ನಂಬಿ ಕೂರಬೇಡಿ. ದೂರ ಬದಲಾದಾಗಲೆಲ್ಲ ಸೈಟ್ ಹೊಸದಾಗಿ ಕೂರಿಸಬೇಕು. ಕಾಗದದ ನಡು ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ. ಆಗಸ್ಟ್‌ನ ಮಬ್ಬಿಗೆ ಕಾಗದದ ಮುಂದೆ ಕೆಳಗಡೆ 9 ವ್ಯಾಟ್ ಎಲ್‌ಇಡಿ ಇಟ್ಟು, ಬಲ್ಬಿಗೆ ಗುಂಡು ತಾಗದಂತೆ ಒಂದು ಹಲಗೆ ಅಡ್ಡ ಕೊಡಿ. ಪೆಟ್ಟಿಗೆಯ ಪಕ್ಕ ಯಾವ ಬಾಗಿಲೂ ತೆರೆದುಕೊಳ್ಳುವಂತಿರಬಾರದು. ಇದ್ದರೆ ಅಭ್ಯಾಸದ ಹೊತ್ತಿಗೆ ಚಿಲಕ ಹಾಕಿ.

ಗುಂಡಿನಲ್ಲಿ ಚಪ್ಪಟೆ ತಲೆಯದ್ದು ಕಾಗದದಲ್ಲಿ ದುಂಡಗಿನ ಸ್ವಚ್ಛ ತೂತು ಮಾಡುತ್ತದೆ, 10 ಮೀಟರ್‌ಗೆ ಅದೇ ಸಾಕು. 20 ಮೀಟರ್ ದಾಟಿದರೆ ಉರುಟು ತಲೆ. ಚೂಪು ತಲೆ ಎರಡಕ್ಕೂ ಬೇಡ. ಮೂರು ಬಗೆಯ ಗುಂಡಿನ ಒಂದೊಂದು ಡಬ್ಬಿ ತಂದು, ಪ್ರತಿಯೊಂದರಿಂದ ಹತ್ತು ಹೊಡೆದು ನಳಿಗೆಗೆ ಒಗ್ಗಿಸಿ, ಆಮೇಲೆ ಐದೈದರ ಮೂರು ಗುಂಪು ತೆಗೆದು ನೋಡಿ. ಒಂದೇ ಮಾದರಿಯ ಎರಡು ಕೋವಿಗಳಿಗೂ ಬೇರೆ ಬೇರೆ ಗುಂಡು ಹಿಡಿಸಬಹುದು. ಲಂಗದಂತೆ ಅರಳಿದ ಹಿಂಬದಿ ಜಜ್ಜಿಹೋದ ಗುಂಡುಗಳನ್ನು ಆರಿಸಿ ಬದಿಗಿಡಿ. ಗುಂಡು ಸೀಸದ್ದು, ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಬೇಡ, ಕೈ ತೊಳೆಯದೆ ತಿನ್ನುವುದೂ ಬೇಡ. ಬರೆಗೆ ಹೊಡೆಯುವವರು ಅಲ್ಲಿ ಕೋಳಿ ಬಿಡಬಾರದು. ಅವು ಕೆದಕಿ ಬೂದು ಕಾಳುಗಳನ್ನು ನುಂಗುತ್ತವೆ, ಸೀಸ ಮೈಗೇರಿ ಸಾಯುತ್ತವೆ.

ಮಂಗ, ಕೆಂಜಳಿಲು, ಹಕ್ಕಿಗಳ ಮೇಲೆ ಏರ್‌ಗನ್ ಎತ್ತುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬೆಳೆ ಹಾಳುಮಾಡುತ್ತವೆ ಎಂಬ ಸಂಕಟ ನಿಜ, ಆದರೆ ಈ ಕೋವಿ ಅದಕ್ಕೆ ಪರಿಹಾರವಲ್ಲ. ಗುಂಡು ಮೈಯೊಳಗೆ ಕೂತು ಪ್ರಾಣಿ ವಾರಗಟ್ಟಲೆ ನರಳುತ್ತದೆ.

ಯಾರಿಗೆ ಯಾವುದು

ಹದಿನೈದು ಸಾವಿರದೊಳಗೆ ಎಲ್ಲವೂ ಮುಗಿಯಬೇಕು, ಮನೆಮಂದಿಯೆಲ್ಲ ಹೊಡೆಯಬೇಕು ಎನ್ನುವವರು ಮಿತ ಶಕ್ತಿಯ ಸ್ಪ್ರಿಂಗ್ ರೈಫಲ್ ತೆಗೆದುಕೊಳ್ಳಲಿ, ಕೋವಿಯ ಮೇಲಿನ ತೆರೆದ ಸೈಟ್‌ನಲ್ಲೇ ಕಲಿಯಲಿ. ಸ್ಕೋಪ್ ಈಗ ಬೇಡ. ಹಾಕಲೇಬೇಕೆಂದರೆ ಏರ್‌ಗನ್‌ಗೆಂದೇ ಮಾಡಿದ, 10 ಮೀಟರ್‌ಗೆ ಫೋಕಸ್ ಆಗುವ ಸ್ಕೋಪ್ ಇರಲಿ. ದೊಡ್ಡ ರೈಫಲ್‌ನ ಸ್ಕೋಪ್ ಮುಂದಕ್ಕೆ ಜಿಗಿಯುವ ಒದೆತ ತಡೆಯದೆ ಒಳಗೇ ಮುರಿಯುತ್ತದೆ, ಹತ್ತಿರದ ಗುರಿಯೂ ಮಸುಕಾಗಿ ಕಾಣುತ್ತದೆ. ಹಬ್ಬದ ಮೊಟ್ಟೆ ಸ್ಪರ್ಧೆಯೇ ಗುರಿಯಾಗಿದ್ದು, ತೋಳಿನಲ್ಲಿ ಬಲವಿದ್ದು, ಇಪ್ಪತ್ತು ಸಾವಿರದ ಆಸುಪಾಸು ಇದ್ದರೆ ಗ್ಯಾಸ್ ಪಿಸ್ಟನ್. ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಅವಕಾಶವಿದೆಯೇ, ದೂರ ಎಷ್ಟು, ಕೋವಿ ಸಂಘಟಕರದ್ದೋ ನಮ್ಮದೋ ಎಂದು ಮೊದಲೇ ಕೇಳಿ ತಿಳಿದು ಅದರಂತೆಯೇ ಅಭ್ಯಾಸ ಮಾಡಿ. ವರ್ಷವಿಡೀ ವಾರಕ್ಕೆ ಮೂರು ನಾಲ್ಕು ದಿನ ಹೊಡೆಯುವವರು, 10 ಮೀಟರ್ ಸ್ಪರ್ಧೆಯ ಕಡೆ ಕಣ್ಣಿಟ್ಟವರು, ಭುಜ ಬೆನ್ನು ನೋವಿರುವ ಹಿರಿಯರು ಪಿಸಿಪಿಗೆ ಐವತ್ತು ಸಾವಿರ ಇಟ್ಟರೆ ನಷ್ಟವಿಲ್ಲ. ಹಿರಿಯರಿಗೆ ಪಂಪ್ ಒತ್ತಲು ಮನೆಯಲ್ಲಿ ಒಬ್ಬ ಗಟ್ಟಿಗರಿರಬೇಕು ಅಷ್ಟೆ.

ಯಾವುದನ್ನು ಕೊಂಡರೂ ಮಳೆಗಾಲದಲ್ಲಿ ರೆಕ್ಸಿನ್ ಚೀಲದಲ್ಲೋ ಸ್ಪಂಜಿನ ಪೆಟ್ಟಿಗೆಯಲ್ಲೋ ಮುಚ್ಚಿಡಬೇಡಿ. ಸ್ಪಂಜು ತೇವ ಹೀರಿ ನಳಿಗೆಗೇ ಒತ್ತಿಕೊಂಡಿರುತ್ತದೆ, ತಿಂಗಳಲ್ಲಿ ಕೆಂಪು ಚುಕ್ಕೆ ಏಳುತ್ತದೆ. ಕೈಯ ಬೆವರು ಒರೆಸಿ, ಹೊರಮೈಗೆ ತೆಳುವಾಗಿ ಎಣ್ಣೆ ಸವರಿದ ಬಟ್ಟೆ ಎಳೆದು, ಬೀಗವಿರುವ ಮರದ ಬೀರುವಿನಲ್ಲಿ ನಿಲ್ಲಿಸಿ, ಕಾಲು ಕಿಲೋ ಸಿಲಿಕಾ ಜೆಲ್ ಇಡಿ. ಗುಂಡಿನ ಡಬ್ಬಿ ಬೇರೆ ಕಡೆ ಇರಲಿ.

ಅಂಗಡಿಗೆ ಹೋಗುವಾಗ ಗುರುತಿನ ಚೀಟಿ ಜೊತೆಗಿರಲಿ. ನಳಿಗೆಯನ್ನು ಅಕ್ಕಪಕ್ಕ ಅಲುಗಾಡಿಸಿ ನೋಡಿ, ಕೀಲಿನಲ್ಲಿ ಸಡಿಲವಿದ್ದರೆ ಬೇರೆ ಕೇಳಿ. ನಿಮ್ಮ ಮನೆಯಲ್ಲಿ ಕೋವಿ ಬಳಸುವ ಅತಿ ದುರ್ಬಲರು ಯಾರೋ ಅವರನ್ನೇ ಕರೆದುಕೊಂಡು ಹೋಗಿ ಹತ್ತು ಸಲ ಕಾಕ್ ಮಾಡಿಸಿ, ಪ್ರತಿ ಸಲವೂ ಗುಂಡು ಹಾಕಿಯೇ ಹೊಡೆಯಲಿ. ಹತ್ತನೇ ಸಲವೂ ಉಸಿರು ಹಿಡಿಯದೆ ಎಳೆದರೆ ಆ ಕೋವಿ ಸರಿ. ಬಿಲ್ಲಿನಲ್ಲಿ ಮಾದರಿ, ಕ್ರಮಸಂಖ್ಯೆ, .177 ಮತ್ತು 20 ಜೂಲ್ ಒಳಗೆ ಎಂಬುದನ್ನು ಬರೆಸಿಕೊಂಡು, ಅದರ ಒಂದು ಪ್ರತಿಯನ್ನು ಕೋವಿಯ ಚೀಲದಲ್ಲೇ ಇಡಿ. ಬಸ್ಸಿನಲ್ಲೋ ಜೀಪಿನಲ್ಲೋ ಸ್ಪರ್ಧೆಗೆ ಒಯ್ಯುವಾಗ ಗುಂಡು ತುಂಬದೆ, ಕಾಕ್ ಮಾಡದೆ, ಚೀಲ ಮುಚ್ಚಿ ಒಯ್ಯಿರಿ.